‘ನೀವು ಮಾಡಿಸಿದ್ದೀರಾ ದೀದಿ?’: ಇಂದಿರಾಪುರಂನಲ್ಲಿ ಕ್ಯಾನ್ಸರ್ ತಪಾಸಣೆಗೆ ಜನ ಸೇರಿಸಲು ಹೋಗಿ ಕಲಿತದ್ದು

(ನಮ್ಮ ಚಾನೆಲ್‌ನಲ್ಲಿ ಬಂದ ಮಾತಿನ ಬರಹರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)



ಈ ಚಾನೆಲ್‌ನಲ್ಲಿ ಸಾಮಾನ್ಯವಾಗಿ ವೀಸಾ, ಹೂಡಿಕೆ, ಇಂಟರ್‌ವ್ಯೂ ತಯಾರಿ, ಮಕ್ಕಳಿಗೆ ಕನ್ನಡ ಕಲಿಸೋದು, ಇಂಥ ವಿಷಯಗಳ ಮೇಲೆ ಮಾತಾಡ್ತಾರೆ. ನನ್ನನ್ನು ಕರೆದಾಗಲೂ ಕ್ಲೌಡ್ ಖರ್ಚು ಕಡಿಮೆ ಮಾಡೋದು ಹೇಗೆ ಅಂತ ಮಾತಾಡಿ ಅಂದಿದ್ದರು. ಅದು ನನ್ನ ದಿನನಿತ್ಯದ ಕೆಲಸ, ಮಾತಾಡಬಹುದಿತ್ತು. ಆದರೆ ನಾನೇ ಕೇಳಿಕೊಂಡು ವಿಷಯ ಬದಲಾಯಿಸಿದೆ. ಇವತ್ತು ನಾನು ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಬಗ್ಗೆ ಮಾತಾಡ್ತೀನಿ.

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಸಾಫ್ಟ್‌ವೇರ್ ಎಂಜಿನಿಯರ್. ಎಂ.ಟೆಕ್ ಮುಗಿಸಿ ನೋಯ್ಡಾದಲ್ಲಿ ಕೆಲಸ ಸಿಕ್ಕಿ, ಒಂಬತ್ತು ವರ್ಷದಿಂದ ಇಂದಿರಾಪುರಂನಲ್ಲಿ ಇದ್ದೀನಿ. ಊರು ತಿಪಟೂರು. ಗಂಡಸರು ‘ಇದು ಹೆಂಗಸರ ವಿಷಯ’ ಅಂತ ವಿಡಿಯೋ ಮುಚ್ಚಬೇಡಿ. ಕೊನೆಯಲ್ಲಿ ನಿಮಗೂ ಒಂದು ಕೆಲಸ ಇದೆ.

500 ರೂಪಾಯಿ ಕೊಟ್ಟು ಕೈ ತೊಳೆದುಕೊಂಡಿದ್ದು

ಇಂದಿರಾಪುರಂ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಗಾಜಿಯಾಬಾದ್ ಜಿಲ್ಲೆಯಲ್ಲಿದೆ, ಅಂದ್ರೆ ಉತ್ತರ ಪ್ರದೇಶ. ರಸ್ತೆ ದಾಟಿದರೆ ಒಂದು ಕಡೆ ನೋಯ್ಡಾ, ಇನ್ನೊಂದು ಕಡೆ ದೆಹಲಿ. ಜ್ಞಾನ ಖಂಡ, ನೀತಿ ಖಂಡ, ವೈಭವ್ ಖಂಡ ಅಂತ ಭಾಗಗಳು, ತುಂಬ ಎತ್ತರದ ಅಪಾರ್ಟ್‌ಮೆಂಟ್‌ಗಳು. ನಮ್ಮಂಥವರು ಮೇಲಿನ ಮಹಡಿಗಳಲ್ಲಿ. ನಮ್ಮ ಮನೆ ಗುಡಿಸಿ ಒರೆಸಿ ಅಡುಗೆ ಮಾಡೋ ಹೆಂಗಸರು ಪಕ್ಕದ ಕನಾವನಿ, ಮಕನ್‌ಪುರದ ಒಂದೊಂದು ರೂಮಿನ ಬಾಡಿಗೆ ಮನೆಗಳಲ್ಲಿ, ಜೋಪಡಿಗಳಲ್ಲಿ. ಅವರಲ್ಲಿ ಬಹಳ ಜನ ಬಂಗಾಳದ ಮಾಲ್ದಾ, ಕೂಚ್ ಬಿಹಾರ ಕಡೆಯವರು. ಬಿಹಾರದವರೂ ಇದ್ದಾರೆ.

ನಮ್ಮ ಮನೆಗೆ ಬರುತ್ತಿದ್ದವರು ಮಾಲ್ದಾದವರು. ಇಲ್ಲಿ ನಾವು ಅವರನ್ನ ದೀದಿ ಅಂತೀವಿ, ಅವರೂ ನಮ್ಮನ್ನ ದೀದಿ ಅಂತಾರೆ. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಒರೆಸುತ್ತಾ ಒರೆಸುತ್ತಾ ನೆಲದ ಮೇಲೇ ಕೂತುಬಿಟ್ಟರು. ಹತ್ತಿರ ಹೋದರೆ, ಪ್ಯಾಡ್ ಇದೆಯಾ ಅಂತ ಕೇಳಿದರು. ಅವರಿಗೆ ಆಗ ನಲವತ್ತೇಳೋ ನಲವತ್ತೆಂಟೋ. ಮುಟ್ಟು ನಿಂತು ಎರಡು ವರ್ಷ ಆಗಿದೆ, ಈಗ ಮತ್ತೆ ಬರ್ತಿದೆ ಅಂದ್ರು. ನನಗೆ ಮೀಟಿಂಗ್ ಇತ್ತು. ಪ್ಯಾಡ್ ಕೊಟ್ಟೆ, 500 ರೂಪಾಯಿ ಕೊಟ್ಟೆ, ‘ಡಾಕ್ಟರ್ ಹತ್ರ ತೋರಿಸಿ’ ಅಂದೆ. ಲ್ಯಾಪ್‌ಟಾಪ್ ಮುಂದೆ ಕೂತೆ. ನನ್ನ ಮನಸ್ಸಿನಲ್ಲಿ ಆ ಟಿಕೆಟ್ ಅಲ್ಲಿಗೆ ಕ್ಲೋಸ್ ಆಯ್ತು.

ಮೂರು ತಿಂಗಳಾದ ಮೇಲೆ ಗೊತ್ತಾಯ್ತು, ಅವರು ತೋರಿಸಿದ್ದು ಗಲ್ಲಿಯ ಕೊನೆಯಲ್ಲಿ ಬೋರ್ಡ್ ಇಲ್ಲದೆ ಕೂರುವ ಒಬ್ಬರ ಹತ್ತಿರ. ಅವರು ಇಂಜೆಕ್ಷನ್, ಗ್ಲೂಕೋಸ್, ಕಬ್ಬಿಣದ ಮಾತ್ರೆ ಕೊಟ್ಟಿದ್ದರು. ರಕ್ತ ಎರಡು ದಿನ ನಿಲ್ಲೋದು, ಮತ್ತೆ ಬರೋದು. ಆಮೇಲೆ ನಾನೇ ರಜೆ ಹಾಕಿ ಕರೆದುಕೊಂಡು ಹೋದೆ. ದೆಹಲಿಯ ಒಂದು ಸರ್ಕಾರಿ ಆಸ್ಪತ್ರೆ, ನಾಲ್ಕು ಸುತ್ತು ಓಡಾಟ, ಬಯಾಪ್ಸಿ. ಗರ್ಭಕಂಠದ ಕ್ಯಾನ್ಸರ್. ಆಪರೇಷನ್ ಮಾಡೋ ಹಂತ ದಾಟಿತ್ತು. ಐದು ವಾರ ದಿನಾ ರೇಡಿಯೇಷನ್, ವಾರಕ್ಕೊಮ್ಮೆ ಕೀಮೋ, ಆಮೇಲೆ ಒಳಗಿನಿಂದ ಕೊಡುವ ರೇಡಿಯೇಷನ್.

ಏಳು ಮನೆ ಕೆಲಸ ಮಾಡುತ್ತಿದ್ದರು. ಏಳೂ ಹೋಯ್ತು. ಒಂದು ವಾರದಲ್ಲಿ ನಮ್ಮ ಸೊಸೈಟಿಯ ಎಲ್ಲ ಮನೆಗೂ ಬೇರೆಯವರು ಬಂದರು. ನಮ್ಮ ಮನೆಗೂ ಬಂದರು.

ಇಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು. ತಿಪಟೂರಿನಲ್ಲಿ ನಮ್ಮ ದೊಡ್ಡಮ್ಮ ತೀರಿಕೊಂಡಿದ್ದೂ ಇದರಿಂದಲೇ. ನಾನಾಗ ಪಿಯುಸಿ. ಮನೆಯಲ್ಲಿ ‘ಗರ್ಭಕೋಶದ ತೊಂದರೆ’ ಅಂತಷ್ಟೇ ಹೇಳುತ್ತಿದ್ದರು. ಬಿಳಿಸೆರಗು ಹೋಗುತ್ತಿದೆ ಅಂತ ವರ್ಷಗಟ್ಟಲೆ ಹೇಳಿಕೊಳ್ಳದೆ ಇದ್ದರಂತೆ. ರಕ್ತ ಕಂಡಾಗ ‘ಮುಟ್ಟು ನಿಲ್ಲೋ ಕಾಲ, ಹೀಗೇ ಆಗೋದು’ ಅಂತ ಸುಮ್ಮನಾದರಂತೆ. ಕಿದ್ವಾಯಿಗೆ ಕರೆದುಕೊಂಡು ಹೋಗುವಾಗ ತಡವಾಗಿತ್ತು. ಮಾಲ್ದಾದ ದೀದಿ ಹೇಳಿದ್ದೂ ಅದೇ ಮಾತು, ಭಾಷೆ ಮಾತ್ರ ಬೇರೆ.

ಹತ್ತು ವರ್ಷ ಟೈಮ್ ಕೊಡುವ ಕಾಯಿಲೆ

ಈಗ ಸ್ವಲ್ಪ ವಿಜ್ಞಾನ. ಉದ್ದ ಮಾಡಲ್ಲ.

ಗರ್ಭಕೋಶದ ಕೆಳಭಾಗ, ಯೋನಿಗೆ ಸೇರುವ ಜಾಗ, ಅದು ಗರ್ಭಕಂಠ. ಇಲ್ಲಿ ಬರುವ ಕ್ಯಾನ್ಸರ್‌ಗೆ ಬಹುಪಾಲು ಕಾರಣ ಎಚ್‌ಪಿವಿ ಅನ್ನೋ ವೈರಸ್. ಇದನ್ನು ತೋರಿಸಿಕೊಟ್ಟ ಜರ್ಮನಿಯ ಹರಾಲ್ಡ್ ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ವೈರಸ್ ಲೈಂಗಿಕ ಸಂಪರ್ಕದಿಂದ ಬರುತ್ತೆ, ಆದರೆ ಎಷ್ಟು ಸಾಮಾನ್ಯ ಅಂದ್ರೆ ಮದುವೆಯಾದ ಯಾರಿಗಾದರೂ ಯಾವತ್ತಾದರೂ ಬಂದಿರಬಹುದು. ಹೆಚ್ಚಿನವರಲ್ಲಿ ದೇಹವೇ ಒಂದೆರಡು ವರ್ಷದಲ್ಲಿ ಹೊರಹಾಕುತ್ತೆ. ಕೆಲವರಲ್ಲಿ ಉಳಿದುಕೊಳ್ಳುತ್ತೆ. ಉಳಿದರೆ ಜೀವಕೋಶ ನಿಧಾನವಾಗಿ ಬದಲಾಗುತ್ತಾ ಹೋಗಿ, ಸಾಮಾನ್ಯವಾಗಿ ಹತ್ತು ಹದಿನೈದು ವರ್ಷ ಆದ ಮೇಲೆ ಕ್ಯಾನ್ಸರ್ ಆಗುತ್ತೆ. ಹಾಗಾಗಿ ಇದು ಯಾರ ನಡತೆಯ ಸರ್ಟಿಫಿಕೇಟೂ ಅಲ್ಲ. ಇದನ್ನು ಒತ್ತಿ ಹೇಳ್ತೀನಿ, ಯಾಕಂದ್ರೆ ತಪಾಸಣೆಗೆ ಬರದೇ ಇರೋದಕ್ಕೆ ಈ ಭಯ ದೊಡ್ಡ ಕಾರಣ.

ಆ ಹತ್ತು ವರ್ಷದಲ್ಲಿ ಯಾವಾಗ ನೋಡಿದರೂ ಹಿಡಿಯಬಹುದು. ಕ್ಯಾನ್ಸರ್ ಆಗುವ ಮೊದಲೇ ಆ ಜಾಗವನ್ನು ಸುಟ್ಟೋ ಕತ್ತರಿಸಿಯೋ ತೆಗೆದುಬಿಡಬಹುದು. ಥರ್ಮಲ್ ಅಬ್ಲೇಷನ್ ಅನ್ನೋ ಚಿಕಿತ್ಸೆಗೆ ಕೆಲವು ನಿಮಿಷ ಸಾಕು, ಅಡ್ಮಿಟ್ ಆಗೋದು ಬೇಡ. ಕೋಡ್ ರಿವ್ಯೂನಲ್ಲಿ ಬಗ್ ಸಿಕ್ಕರೆ ಐದು ನಿಮಿಷದ ಕೆಲಸ, ಪ್ರೊಡಕ್ಷನ್‌ನಲ್ಲಿ ಸಿಕ್ಕರೆ ರಾತ್ರಿಯಿಡೀ ಜಾಗರಣೆ ಅಂತ ನಮಗೆಲ್ಲ ಗೊತ್ತಲ್ಲ, ಅದೇ ಲೆಕ್ಕ.

ತಪಾಸಣೆಯಲ್ಲಿ ಮೂರು ಬಗೆ. ಒಂದು ಪ್ಯಾಪ್ ಸ್ಮಿಯರ್, ಗರ್ಭಕಂಠದಿಂದ ಜೀವಕೋಶ ಸವರಿ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡೋದು. ಎರಡನೆಯದು ವಿಐಎ. ಅಡುಗೆಮನೆ ವಿನೆಗರ್ ಇದೆಯಲ್ಲ, ಅಸಿಟಿಕ್ ಆಮ್ಲ, ಅದನ್ನೇ ತೆಳುವಾಗಿ ಗರ್ಭಕಂಠಕ್ಕೆ ಹಚ್ಚಿ ಒಂದು ನಿಮಿಷ ಬಿಟ್ಟು ಕಣ್ಣಿನಲ್ಲೇ ನೋಡೋದು. ಬದಲಾದ ಭಾಗ ಬೆಳ್ಳಗಾಗುತ್ತೆ. ಲ್ಯಾಬ್ ಬೇಡ, ಫಲಿತಾಂಶ ಆಗಲೇ ಗೊತ್ತಾಗುತ್ತೆ. ಮೂರನೆಯದು ಎಚ್‌ಪಿವಿ ಡಿಎನ್‌ಎ ಪರೀಕ್ಷೆ, ವೈರಸ್ ಇದೆಯಾ ಅಂತ ನೇರವಾಗಿ ನೋಡೋದು. ಇದಕ್ಕೆ ಹೆಂಗಸರು ತಾವೇ ಮಾದರಿ ತೆಗೆದು ಕೊಡಬಹುದು. ವಿಶ್ವ ಆರೋಗ್ಯ ಸಂಸ್ಥೆ ಈಗ ಇದನ್ನೇ ಮೊದಲ ಆಯ್ಕೆ ಅನ್ನುತ್ತೆ. ಮುಟ್ಟು ನಿಂತ ಮೇಲೆ ನೋಡಬೇಕಾದ ಜಾಗ ಒಳಕ್ಕೆ ಸರಿಯೋದರಿಂದ ಆ ವಯಸ್ಸಿನವರಿಗೆ ವಿಐಎ ಅಷ್ಟು ಹೊಂದಲ್ಲ, ಎಚ್‌ಪಿವಿ ಪರೀಕ್ಷೆ ಒಳ್ಳೆಯದು.

ಸರಿ, ಇಷ್ಟೆಲ್ಲ ಇದ್ದೂ ನಮ್ಮ ಸ್ಥಿತಿ ಏನು? 2022ರ ಗ್ಲೋಬೋಕ್ಯಾನ್ ಅಂದಾಜಿನ ಪ್ರಕಾರ ಭಾರತದಲ್ಲಿ ಆ ವರ್ಷ ಸುಮಾರು 1.27 ಲಕ್ಷ ಹೊಸ ಗರ್ಭಕಂಠದ ಕ್ಯಾನ್ಸರ್ ರೋಗಿಗಳು, ಸುಮಾರು 80 ಸಾವಿರ ಸಾವು. ಸುಮಾರು ಆರೂವರೆ ನಿಮಿಷಕ್ಕೆ ಒಬ್ಬರು. ಈ ವಿಡಿಯೋ ಇಪ್ಪತ್ತು ನಿಮಿಷ ಇದೆ, ಲೆಕ್ಕ ಹಾಕಿಕೊಳ್ಳಿ. ಮತ್ತೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವಯಸ್ಸಿನ ಹೆಂಗಸರನ್ನು ಕೇಳಿದರೆ, ಒಮ್ಮೆಯಾದರೂ ಗರ್ಭಕಂಠದ ತಪಾಸಣೆ ಮಾಡಿಸಿಕೊಂಡವರು ಶೇ. 1.9. ಸ್ತನ ತಪಾಸಣೆ ಶೇ. 0.9.

ಒಂದು ವ್ಯತ್ಯಾಸ ಮರೆಯಬೇಡಿ. ತಪಾಸಣೆ ಅಂದ್ರೆ ಏನೂ ತೊಂದರೆ ಇಲ್ಲದಿದ್ದಾಗ ಮಾಡಿಸೋದು. ನಮ್ಮ ದೀದಿಗೆ ಆಗ ಬೇಕಿದ್ದದ್ದು ತಪಾಸಣೆ ಅಲ್ಲ, ಡಾಕ್ಟರ್. ಮುಟ್ಟು ನಿಂತ ಮೇಲೆ ರಕ್ತ, ಗಂಡ ಹೆಂಡತಿ ಸೇರಿದ ಮೇಲೆ ರಕ್ತ, ವಾಸನೆಯ ಬಿಳಿಸೆರಗು – ಇವು ಕಂಡರೆ ಶಿಬಿರಕ್ಕೆ ಕಾಯಬಾರದು, ಅದೇ ವಾರ ಸ್ತ್ರೀರೋಗ ತಜ್ಞರ ಹತ್ತಿರ ಹೋಗಬೇಕು.

ಮೊದಲ ಶಿಬಿರ: 84ರಲ್ಲಿ ಮೂರು

ದೀದಿಗೆ ಚಿಕಿತ್ಸೆ ನಡೀತಿದ್ದಾಗ ನನಗೆ ಪಾಪಪ್ರಜ್ಞೆ. ಏನಾದರೂ ಮಾಡಬೇಕು ಅಂತ ಸೊಸೈಟಿಯ ಇನ್ನೂ ಮೂವರು ಹೆಂಗಸರ ಜೊತೆ ಸೇರಿ ಶಿಬಿರ ಇಟ್ಟೆವು. ನಾವು ಎಂಜಿನಿಯರ್‌ಗಳು, ಚೆನ್ನಾಗಿ ಪ್ಲಾನ್ ಮಾಡ್ತೀವಿ. ಗೇಟ್ ಪಾಸ್ ಪಟ್ಟಿಯಿಂದ 30 ದಾಟಿದ ಕೆಲಸದವರ ಎಣಿಕೆ ತೆಗೆದೆವು, 84. ಹಿಂದಿಯಲ್ಲಿ ಚಂದದ ಪೋಸ್ಟರ್ ಮಾಡಿ ಮೂರೂ ಗೇಟಿನಲ್ಲಿ ಅಂಟಿಸಿದೆವು. ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲ ಮನೆಗೂ ಹೇಳಿದೆವು. ಗೂಗಲ್ ಫಾರ್ಮ್. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕ್ಲಬ್‌ಹೌಸ್‌ನಲ್ಲಿ, ಲೇಡಿ ಡಾಕ್ಟರ್, ಎಲ್ಲ ಉಚಿತ.

ಬಂದವರು ಮೂರು ಜನ. ಅದರಲ್ಲಿ ಇಬ್ಬರನ್ನು ಅವರ ಮನೆಯೊಡತಿಯರೇ ಕೈ ಹಿಡಿದು ತಂದಿದ್ದರು. ಒಬ್ಬರು ಒಳಗೆ ಬಂದು, ಪರದೆ ನೋಡಿ, ವಾಪಸ್ ಹೋದರು.

ಆಗ ನಾನು ಅಂದುಕೊಂಡದ್ದು, ‘ಇವರಿಗೆ ಅರಿವಿಲ್ಲ’ ಅಂತ. ಗ್ರೂಪಿನಲ್ಲೂ ಅದನ್ನೇ ಬರೆದರು: ಉಚಿತವಾಗಿ ಕೊಟ್ಟರೂ ಬರಲ್ಲ ನೋಡಿ ಇವರು. ಯಾರೂ ಬಳಸದ ಆ್ಯಪ್ ಬಿಡುಗಡೆ ಮಾಡಿ ‘ಯೂಸರ್‌ಗಳು ದಡ್ಡರು’ ಅನ್ನೋ ಟೀಮ್‌ಗಳನ್ನ ನಾವು ನೋಡಿಲ್ಲವಾ? ಆ ದಿನ ನಾನು ಆ ಟೀಮ್ ಆಗಿದ್ದೆ.

ಆಮೇಲೆ ದೀದಿಯನ್ನೇ ಕೇಳಿದೆ. ರೇಡಿಯೇಷನ್ ಮುಗಿಸಿ ಕನಾವನಿಯ ರೂಮಿನಲ್ಲಿ ಮಲಗಿದ್ದರು. ನಕ್ಕುಬಿಟ್ಟರು. ‘ಭಾನುವಾರ ಬೆಳಿಗ್ಗೆ ನಿಮ್ಮನೇಲಿ ಎಲ್ಲರೂ ಇರ್ತೀರಿ, ನೆಂಟರು ಬರ್ತಾರೆ. ನಮಗೆ ವಾರದಲ್ಲಿ ಅವತ್ತೇ ಜಾಸ್ತಿ ಕೆಲಸ. ಹತ್ತಕ್ಕೆ ಯಾರು ಬಿಡ್ತಾರೆ?’ ಅಂದ್ರು. ಕ್ಲಬ್‌ಹೌಸ್ ಅಂದ್ರೆ ಅವರು ಗುಡಿಸೋಕೆ ಮಾತ್ರ ಹೋಗಿದ್ದ ಜಾಗ. ಬಾಗಿಲಲ್ಲಿ ಗಂಡಸು ಗಾರ್ಡ್ ರಿಜಿಸ್ಟರ್ ಹಿಡಿದು ಹೆಸರು ಬರೆದುಕೊಳ್ತಿದ್ದ. ಪೋಸ್ಟರ್ ಓದೋಕೆ ಬರೋರು ಕಡಿಮೆ, ಓದಿದವರಿಗೆ ಕಂಡಿದ್ದು ‘ಕ್ಯಾನ್ಸರ್’ ಅನ್ನೋ ಒಂದೇ ಪದ. ನನಗೆ ಹೊಳೆಯದೇ ಇದ್ದ ಮಾತು ಇನ್ನೊಂದು: ‘ಕಾಯಿಲೆ ಇದೆ ಅಂತ ಗೊತ್ತಾದ್ರೆ ಕೆಲಸದಿಂದ ತೆಗೀತಾರೆ ದೀದಿ. ನನ್ನನ್ನ ನೋಡಿಲ್ವಾ ಅವರೆಲ್ಲ?’

ಇದಕ್ಕೆ ನಾನು ಏನು ಹೇಳಲಿ? ಅವರ ಲೆಕ್ಕ ಸರಿಯಾಗಿತ್ತು.

ತಮ್ಮವರು ಕರೆದರೆ ಬರ್ತಾರೆ

ಆಮೇಲೆ ಓದೋಕೆ ಶುರು ಮಾಡಿದೆ. ಈ ಸಮಸ್ಯೆ ಹೊಸದಲ್ಲ, ಬಗೆಹರಿಸಿದವರೂ ಇದ್ದಾರೆ.

ಅಮೆರಿಕದಲ್ಲಿ ಇರುವ ನಮ್ಮ ವೀಕ್ಷಕರು ‘ಪ್ರೊಮೊತೊರಾ’ ಅನ್ನೋ ಪದ ಕೇಳಿರಬಹುದು. ಮೆಕ್ಸಿಕೋ ಮತ್ತಿತರ ಕಡೆಯಿಂದ ವಲಸೆ ಬಂದ ಲ್ಯಾಟಿನಾ ಹೆಂಗಸರ ಮಧ್ಯೆ, ಅವರದೇ ಬೀದಿಯ, ಅವರದೇ ಸ್ಪ್ಯಾನಿಷ್ ಮಾತಾಡುವ ಆರೋಗ್ಯ ಕಾರ್ಯಕರ್ತೆ. ಮನೆಗೆ ಬಂದು ಅಡುಗೆಮನೆಯಲ್ಲಿ ಕೂತು ಮಾತಾಡ್ತಾಳೆ, ಕ್ಲಿನಿಕ್‌ಗೆ ಜೊತೆಗೆ ಹೋಗ್ತಾಳೆ. ಅಲ್ಲಿ ‘ಅಮಿಗಾಸ್’ ಅನ್ನೋ ಕಾರ್ಯಕ್ರಮವನ್ನ ಮೆಕ್ಸಿಕನ್ ಮೂಲದ 613 ಹೆಂಗಸರಲ್ಲಿ ಪರೀಕ್ಷಿಸಿದರು. ಮಾಮೂಲಿ ವ್ಯವಸ್ಥೆಗೆ ಬಿಟ್ಟವರಲ್ಲಿ ಪ್ಯಾಪ್ ಪರೀಕ್ಷೆ ಮಾಡಿಸಿಕೊಂಡದ್ದು ಶೇ. 25. ಪ್ರೊಮೊತೊರಾ ಮಾತಾಡಿದ ಪೂರ್ಣ ಕಾರ್ಯಕ್ರಮದಲ್ಲಿ ಶೇ. 52. ಅಂದ್ರೆ ಎರಡರಷ್ಟು. ಔಷಧಿ ಹೊಸದಲ್ಲ, ಯಂತ್ರ ಹೊಸದಲ್ಲ. ಕರೆದವರು ಯಾರು ಅನ್ನೋದು ಮಾತ್ರ ಬದಲಾಗಿತ್ತು.

ಇದಕ್ಕಿಂತ ದೊಡ್ಡ ಕೆಲಸ ನಮ್ಮ ದೇಶದಲ್ಲೇ ಆಗಿದೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆ 1998ರಿಂದ ಮುಂಬೈ ಕೊಳೆಗೇರಿಗಳ 35ರಿಂದ 64 ವಯಸ್ಸಿನ ಸುಮಾರು ಒಂದೂವರೆ ಲಕ್ಷ ಹೆಂಗಸರಲ್ಲಿ ಅಧ್ಯಯನ ಮಾಡಿತು. ಪರೀಕ್ಷೆ ಮಾಡಿದವರು ಡಾಕ್ಟರ್‌ಗಳಲ್ಲ. ಹತ್ತನೇ ಕ್ಲಾಸ್ ಓದಿದ ಹೆಂಗಸರು, ನಾಲ್ಕು ವಾರದ ತರಬೇತಿ, ವಿನೆಗರ್ ಪರೀಕ್ಷೆ. ಎರಡು ವರ್ಷಕ್ಕೊಮ್ಮೆ ನಾಲ್ಕು ಸುತ್ತು. 2013ರಲ್ಲಿ ಫಲಿತಾಂಶ ಬಂತು: ಗರ್ಭಕಂಠದ ಕ್ಯಾನ್ಸರ್ ಸಾವು ಶೇ. 31ರಷ್ಟು ಕಡಿಮೆ. ಅದೇ ಕಾರ್ಯಕರ್ತೆಯರು ಕೈಯಿಂದ ಮಾಡಿದ ಸ್ತನ ಪರೀಕ್ಷೆಯ ಫಲಿತಾಂಶ 2021ರಲ್ಲಿ ಬಂತು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ. 30 ಇಳಿದಿತ್ತು.

ಈ ಅಧ್ಯಯನದ ಮೇಲೆ ಟೀಕೆಯೂ ಇದೆ. ಹೋಲಿಕೆಗಾಗಿ ಇಟ್ಟಿದ್ದ ಅರ್ಧದಷ್ಟು ಹೆಂಗಸರಿಗೆ ಮಾಹಿತಿ ಕೊಟ್ಟರೇ ಹೊರತು ಪರೀಕ್ಷೆ ಮಾಡಲಿಲ್ಲ. ಅವರಲ್ಲೂ ಸಾವು ಆಯ್ತು. ಇದು ನ್ಯಾಯವೇ ಅಂತ ಕೇಳಿದರು, ಕೇಳಬೇಕಾದ ಪ್ರಶ್ನೆಯೇ. ನನಗೆ ಅದರಲ್ಲಿ ಕಂಡ ಪಾಠ ಏನಂದ್ರೆ, ಬರೀ ಮಾಹಿತಿ ಸಾಲದು. ನಾನು ಪೋಸ್ಟರ್ ಅಂಟಿಸಿ ಮಾಡಿದ್ದೂ ಅಷ್ಟೇ ಅಲ್ವಾ?

ಮಹಾರಾಷ್ಟ್ರದಲ್ಲಿ ಆಗ ಉಸ್ಮಾನಾಬಾದ್ ಅಂತ ಕರೀತಿದ್ದ ಜಿಲ್ಲೆ, ನಮ್ಮ ಕಲಬುರಗಿ, ಬೀದರ್‌ನಿಂದ ದೂರ ಇಲ್ಲ. ಅಲ್ಲಿ 1,31,746 ಹಳ್ಳಿ ಹೆಂಗಸರ ಅಧ್ಯಯನ 2009ರಲ್ಲಿ ಪ್ರಕಟವಾಯ್ತು. ಜೀವನದಲ್ಲಿ ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿದ ಗುಂಪಿನಲ್ಲಿ ಎಂಟು ವರ್ಷದಲ್ಲಿ ಸಾವು ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿತ್ತು. ಪರೀಕ್ಷೆಯಲ್ಲಿ ನೆಗೆಟಿವ್ ಬಂದವರಲ್ಲಿ ಆ ಅವಧಿಯಲ್ಲಿ ಈ ಕ್ಯಾನ್ಸರ್‌ನಿಂದ ಒಬ್ಬರೂ ಸಾಯಲಿಲ್ಲ. ಇನ್ನು ನಮ್ಮ ಮೈಸೂರಿನಲ್ಲಿ ಡಾ. ಪೂರ್ಣಿಮಾ ಮದಿವಾಣನ್ ಕಟ್ಟಿದ ಪಬ್ಲಿಕ್ ಹೆಲ್ತ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ, ಹಳ್ಳಿಯ ಮತ್ತು ಬುಡಕಟ್ಟಿನ ಹೆಂಗಸರ ಹತ್ತಿರ ಹೋಗಿ, ಅವರೇ ಮಾದರಿ ತೆಗೆದು ಕೊಡುವ ಬಗೆಯ ತಪಾಸಣೆ ಮೇಲೆ ಕೆಲಸ ಮಾಡಿದೆ.

ಸರ್ಕಾರದ ನಿಯಮವೂ ಇದೆ. 2016ರ ಮಾರ್ಗಸೂಚಿ ಪ್ರಕಾರ 30ರಿಂದ 65 ವಯಸ್ಸಿನವರಿಗೆ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಐದು ವರ್ಷಕ್ಕೊಮ್ಮೆ. ಆಶಾ ಕಾರ್ಯಕರ್ತೆ ಮನೆಗೆ ಬಂದು 30 ದಾಟಿದವರ ಫಾರ್ಮ್ ತುಂಬಬೇಕು. ಆದರೆ ವಲಸೆ ಬಂದವರ ಬಾಡಿಗೆ ರೂಮು ವರ್ಷಕ್ಕೆ ಎರಡು ಸಲ ಬದಲಾಗುತ್ತೆ. ಆಶಾ ಬರೋದು ಹಗಲು ಹೊತ್ತು, ಆಗ ಇವರು ನಮ್ಮ ಮನೆಯಲ್ಲಿ ಪಾತ್ರೆ ತೊಳೀತಿರ್ತಾರೆ. ಮಾಲ್ದಾದ ಪಟ್ಟಿಯಲ್ಲಿ ‘ಊರಲ್ಲಿಲ್ಲ’, ಗಾಜಿಯಾಬಾದ್ ಪಟ್ಟಿಯಲ್ಲಿ ಹೆಸರೇ ಇಲ್ಲ.

ಎರಡನೇ ಪ್ರಯತ್ನ

ಈ ಸಲ ನಾವು ಪ್ಲಾನ್ ಮಾಡಲಿಲ್ಲ. ದೀದಿ ಮತ್ತು ಅವರ ನೆರೆಯ ಇನ್ನೊಬ್ಬರು ಮಾಡಿದರು. ನಾವು ಹೇಳಿದಂತೆ ಕೇಳಿದೆವು.

ಸಮಯ: ವಾರದ ದಿನ ಮಧ್ಯಾಹ್ನ. ಬೆಳಗಿನ ಮನೆಗಳು ಮುಗಿದು ಸಂಜೆ ಮನೆಗಳು ಶುರುವಾಗೋ ಮೊದಲು ಅವರಿಗೆ ಸಿಗೋ ಬಿಡುವು. ಮಾತುಕತೆ ಕನಾವನಿಯ ಒಂದು ರೂಮಿನಲ್ಲಿ, ನೆಲದ ಮೇಲೆ, ಏಳೆಂಟು ಜನರ ಗುಂಪಿನಲ್ಲಿ, ಬಂಗಾಳಿ ಬೆರೆತ ಹಿಂದಿಯಲ್ಲಿ. ಕ್ಯಾನ್ಸರ್ ಅಂತ ಶುರು ಮಾಡಲಿಲ್ಲ. ಬಿಳಿಸೆರಗು, ಸೊಂಟ ನೋವು, ಮುಟ್ಟು, ಇವುಗಳಿಂದ ಶುರು. ಆಮೇಲೆ ದೀದಿ ತಮ್ಮ ಕತೆ ಹೇಳ್ತಿದ್ದರು. ‘ಬಚ್ಚೇದಾನಿ ಕೀ ಜಾಂಚ್’, ಅಂದ್ರೆ ಗರ್ಭಕೋಶದ ತಪಾಸಣೆ, ಅಂತ ಕರೆದರು.

ನಮ್ಮ ಕಡೆಯ ಕೆಲಸ ಬೇರೆ ಇತ್ತು. ಸೊಸೈಟಿಯ ಮನೆಗಳಿಂದ ಎರಡು ಮಾತು ತಗೊಂಡೆವು: ತಪಾಸಣೆಗೆ ಹೋದ ದಿನದ ಸಂಬಳ ಕಡಿಯಬಾರದು, ಫಲಿತಾಂಶ ಏನು ಅಂತ ಯಾರೂ ಕೇಳಬಾರದು. ಮೊದಲನೆಯದಕ್ಕೆ ಒಪ್ಪಿಗೆ ಬೇಗ ಸಿಕ್ತು, ಎರಡನೆಯದಕ್ಕೆ ಜಗಳವೇ ಆಯ್ತು. ‘ನಮ್ಮ ಮನೇಲಿ ಅಡುಗೆ ಮಾಡ್ತಾಳೆ, ನಮಗೆ ಗೊತ್ತಾಗಬೇಡವಾ’ ಅಂದ್ರು ಒಬ್ಬರು. ಇದು ಅಂಟುವ ಕಾಯಿಲೆ ಅಲ್ಲ ಅಂತ ಓದಿದವರಿಗೆ ಅರ್ಥ ಮಾಡಿಸೋಕೆ ಕನಾವನಿಗಿಂತ ಹೆಚ್ಚು ಹೊತ್ತು ಹಿಡೀತು.

ತಪಾಸಣೆ ಎಲ್ಲಿ? ಇಲ್ಲೊಂದು ನಾಚಿಕೆಯ ಸಂಗತಿ. ನೋಯ್ಡಾ ಸೆಕ್ಟರ್ 39ರಲ್ಲಿ ಐಸಿಎಂಆರ್‌ನ ರಾಷ್ಟ್ರೀಯ ಕ್ಯಾನ್ಸರ್ ತಡೆ ಮತ್ತು ಸಂಶೋಧನಾ ಸಂಸ್ಥೆ ಇದೆ. 1979ರಲ್ಲಿ ಸೈಟಾಲಜಿ ಸಂಶೋಧನಾ ಕೇಂದ್ರವಾಗಿ ಶುರುವಾದದ್ದು. ಬಾಯಿ, ಸ್ತನ, ಗರ್ಭಕಂಠ – ಮೂರರ ತಪಾಸಣೆಗೂ ಅಲ್ಲಿ ಕ್ಲಿನಿಕ್ ಇದೆ. ಇಂದಿರಾಪುರಂ ಪಕ್ಕದ ಎಲೆಕ್ಟ್ರಾನಿಕ್ ಸಿಟಿ ಸ್ಟೇಷನ್‌ನಲ್ಲಿ ಬ್ಲೂ ಲೈನ್ ಮೆಟ್ರೋ ಹತ್ತಿದರೆ ಬದಲಾಯಿಸೋ ಗೊಡವೆ ಇಲ್ಲ, ಗಾಲ್ಫ್ ಕೋರ್ಸ್ ಇಲ್ಲವೇ ಬೊಟಾನಿಕಲ್ ಗಾರ್ಡನ್ ಹತ್ತಿರ ಇಳಿಯೋದು. ನಾನು ವರ್ಷಗಟ್ಟಲೆ ಆಫೀಸಿಗೆ ಅದೇ ದಾರಿಯಲ್ಲಿ ಹೋಗಿದ್ದೀನಿ. ದೇಶದ ಕ್ಯಾನ್ಸರ್ ತಡೆಗೆಂದೇ ಇರುವ ಸಂಸ್ಥೆ ಪಕ್ಕದಲ್ಲಿದ್ದರೂ ಗೊತ್ತಿರಲಿಲ್ಲ.

ಐದೈದು ಜನರ ಗುಂಪಿನಲ್ಲಿ ಹೋಗೋದು ಅಂತಾಯ್ತು. ಮೊದಲ ಗುಂಪು ಹೊರಟ ದಿನ, ಇ-ರಿಕ್ಷಾದಲ್ಲಿ ಕೂತಿದ್ದಾಗ ಒಬ್ಬರು ಸಹಜವಾಗಿ ಕೇಳಿದರು: ‘ನೀವು ಮಾಡಿಸಿದ್ದೀರಾ ದೀದಿ? ನೋವಾಗುತ್ತಾ?’

ನಾನು ಮಾಡಿಸಿರಲಿಲ್ಲ. ನನಗೆ ಆಗ 36. ಕಂಪನಿಯ ವಾರ್ಷಿಕ ಆರೋಗ್ಯ ತಪಾಸಣೆಯಲ್ಲಿ ಪ್ಯಾಪ್ ಸ್ಮಿಯರ್ ಪ್ರತಿ ವರ್ಷ ಬರ್ತಿತ್ತು, ಪ್ರತಿ ವರ್ಷ ನಾನು ಆ ಟಿಕ್ ತೆಗೀತಿದ್ದೆ. ಮುಜುಗರ, ಟೈಮ್ ಇಲ್ಲ, ನನಗೇನಾಗಿದೆ – ಕನಾವನಿಯಲ್ಲಿ ಕೇಳಿದ ಕಾರಣಗಳೇ. ಸುಳ್ಳು ಹೇಳೋಕೆ ಆಗಲಿಲ್ಲ. ‘ಇಲ್ಲ’ ಅಂದೆ. ಇ-ರಿಕ್ಷಾದಲ್ಲಿ ಒಂದು ಕ್ಷಣ ಮೌನ. ಆಮೇಲೆ ಅವರಲ್ಲೊಬ್ಬರು ‘ಹಾಗಾದ್ರೆ ಮೊದಲು ನೀವು’ ಅಂದ್ರು, ಎಲ್ಲರೂ ನಕ್ಕರು.

ಮೊದಲು ನಾನೇ ಹೋದೆ. ನೋವಿಲ್ಲ, ಸ್ವಲ್ಪ ಬಿಗಿ ಅನ್ಸುತ್ತೆ, ಮುಜುಗರ ಎರಡು ನಿಮಿಷ. ಹೊರಗೆ ಬಂದು ಅದನ್ನೇ ಹೇಳಿದೆ. ಮುಂದಿನ ಗುಂಪುಗಳಿಗೆ ಈ ಸುದ್ದಿ ನನಗಿಂತ ಮೊದಲು ತಲುಪಿತ್ತು.

ನಾಲ್ಕು ತಿಂಗಳ ಲೆಕ್ಕ ಹೇಳ್ತೀನಿ. ಮಾತುಕತೆಗೆ ಬಂದವರು 52. ಹೂಂ ಅಂದವರು 41. ತಪಾಸಣೆ ಆದವರು 29. ಅದರಲ್ಲಿ ಇಬ್ಬರಿಗೆ ಮುಂದಿನ ಪರೀಕ್ಷೆ ಬೇಕು ಅಂದ್ರು. ಪಾಸಿಟಿವ್ ಅಂದ್ರೆ ಕ್ಯಾನ್ಸರ್ ಅಂತಲ್ಲ, ಇನ್ನೂ ನೋಡಬೇಕು ಅಂತ ಅರ್ಥ. ಆ ಇಬ್ಬರಲ್ಲಿ ಒಬ್ಬರಿಗೆ ಕ್ಯಾನ್ಸರ್ ಪೂರ್ವದ ಬದಲಾವಣೆ ಇತ್ತು, ಚಿಕಿತ್ಸೆ ಒಂದೇ ದಿನದಲ್ಲಿ ಮುಗೀತು, ಎರಡು ದಿನದಲ್ಲಿ ಕೆಲಸಕ್ಕೆ ಬಂದರು.

ಇನ್ನೊಬ್ಬರು ಸಿಗಲಿಲ್ಲ. ರಿಪೋರ್ಟ್ ಬರುವ ಹೊತ್ತಿಗೆ ರೂಮು ಖಾಲಿ ಮಾಡಿ ಊರಿಗೆ ಹೋಗಿದ್ದರು. ಫೋನ್ ಗಂಡನದು, ಆ ನಂಬರ್ ಸ್ವಿಚ್ ಆಫ್. ಕೂಚ್ ಬಿಹಾರ ಕಡೆಯವರು ಅಂತ ಗೊತ್ತು, ಊರು ಗೊತ್ತಿಲ್ಲ. ಇವತ್ತಿಗೂ ಸಿಕ್ಕಿಲ್ಲ. 29 ಜನರ ತಪಾಸಣೆ ಆಯ್ತು ಅಂತ ಹೇಳುವಾಗ ಇವರನ್ನೂ ಸೇರಿಸಿಯೇ ಹೇಳ್ತೀನಿ, ಆದರೆ ಅವರ ಮಟ್ಟಿಗೆ ನಾವು ಮಾಡಿದ್ದು ಪೂರ್ತಿ ಆಗಿಲ್ಲ. ತಪಾಸಣೆ ಅಂದ್ರೆ ಪರೀಕ್ಷೆ ಮಾತ್ರ ಅಲ್ಲ, ರಿಪೋರ್ಟ್ ಕೈಗೆ ತಲುಪಿ ಚಿಕಿತ್ಸೆ ಮುಗಿಯೋವರೆಗೆ. ಈಗ ಮೊದಲ ದಿನವೇ ಎರಡು ನಂಬರ್ ತಗೋತೀವಿ, ಒಂದು ಊರಿನ ನೆಂಟರದು. ಇಷ್ಟು ಸಣ್ಣ ವಿಷಯ, ಮೊದಲೇ ಹೊಳೆಯಬೇಕಿತ್ತು.

ನಾವೂ ವಲಸೆಗಾರರೇ

ಕಳೆದ ಯುಗಾದಿಗೆ ಇಲ್ಲಿನ ಕನ್ನಡದ ಮನೆಗಳು ಸೇರಿದ್ದೆವು. ಹೋಳಿಗೆ ಊಟ ಆದ ಮೇಲೆ ಹೆಂಗಸರು ಒಂದು ರೂಮಿನಲ್ಲಿ ಕೂತಿದ್ದಾಗ ಕೇಳಿದೆ, ಯಾರ್ಯಾರು ಮಾಡಿಸಿದ್ದೀರಿ ಅಂತ. 30 ದಾಟಿದವರು ಹತ್ತೊಂಬತ್ತು ಜನ ಇದ್ದೆವು. ಎಲ್ಲರೂ ಡಿಗ್ರಿ ಓದಿದವರು, ಎಲ್ಲರಿಗೂ ವಿಮೆ ಇದೆ. ನನ್ನನ್ನು ಬಿಟ್ಟು ಮಾಡಿಸಿದ್ದವರು ಇಬ್ಬರು, ಅದೂ ಬೇರೆ ತೊಂದರೆಗೆ ಹೋದಾಗ ಡಾಕ್ಟರ್ ಹೇಳಿದ್ದಕ್ಕೆ.

ನೋಯ್ಡಾ ಇರಲಿ, ಪುಣೆ ಇರಲಿ, ನ್ಯೂಜೆರ್ಸಿ ಇರಲಿ, ವಲಸೆ ಹೋದವರಿಗೆ ಊರಿನ ಅಕ್ಕ ಅತ್ತಿಗೆಯರು ಪಕ್ಕದಲ್ಲಿ ಇರಲ್ಲ. ‘ಬಾರೇ, ನಾನೂ ಬರ್ತೀನಿ’ ಅನ್ನೋರು ಇಲ್ಲ. ಮೇಲ್‌ನಲ್ಲಿ ಬಂದ ಹೆಲ್ತ್ ಚೆಕಪ್ ಲಿಂಕ್ ನಮ್ಮನ್ನು ಎಬ್ಬಿಸಿ ಕರೆದುಕೊಂಡು ಹೋಗಲ್ಲ. ಕನಾವನಿಗೆ ಬೇಕಿದ್ದದ್ದೇ ನಮಗೂ ಬೇಕು: ನಮ್ಮವರೇ ಒಬ್ಬರು, ಜೊತೆಗೆ ಬರೋರು.

ಹಾಗಾಗಿ ಮಾಡಬೇಕಾದ್ದನ್ನ ಹೇಳಿ ಮುಗಿಸ್ತೀನಿ.

ಒಂದು, ನಿಮಗೆ 30 ದಾಟಿದ್ದರೆ ಈ ತಿಂಗಳು ದಿನ ಗೊತ್ತು ಮಾಡಿ. ಎಚ್‌ಪಿವಿ ಪರೀಕ್ಷೆ ಸಿಕ್ಕರೆ ಅದು, ಇಲ್ಲವಾದರೆ ಪ್ಯಾಪ್ ಇಲ್ಲವೇ ವಿಐಎ. ಡಾಕ್ಟರನ್ನು ಕೇಳಿ. ಜೊತೆಗೆ ಸ್ತನ ಪರೀಕ್ಷೆಯೂ ಆಗಲಿ. ಒಬ್ಬರೇ ಹೋಗಬೇಡಿ, ಗೆಳತಿಯನ್ನು ಕರೆದುಕೊಂಡು ಹೋಗಿ, ಇಬ್ಬರದೂ ಆಗುತ್ತೆ.

ಎರಡು, ಮನೆಯಲ್ಲಿ 9ರಿಂದ 14 ವಯಸ್ಸಿನ ಹೆಣ್ಣುಮಗು ಇದ್ದರೆ ಎಚ್‌ಪಿವಿ ಲಸಿಕೆ ಬಗ್ಗೆ ಮಕ್ಕಳ ಡಾಕ್ಟರ್ ಹತ್ತಿರ ಮಾತಾಡಿ. ಪುಣೆಯ ಸೀರಮ್ ಸಂಸ್ಥೆಯ ‘ಸರ್ವಾವ್ಯಾಕ್’ ಸೇರಿದಂತೆ ಲಸಿಕೆಗಳು ಇವೆ. ಲಸಿಕೆ ಹಾಕಿಸಿದರೂ ದೊಡ್ಡವರಾದ ಮೇಲೆ ತಪಾಸಣೆ ಬೇಕು.

ಮೂರು, ಊರಲ್ಲಿರುವ ಅಮ್ಮ, ಅತ್ತೆ. ಇದು ಗಂಡಸರಿಗೂ ಹೇಳಿದ ಕೆಲಸ. ಬಿಪಿ ಶುಗರ್ ಪ್ರತಿ ಭಾನುವಾರ ಕೇಳ್ತೀರಿ, ಇದನ್ನ ಕೇಳಲ್ಲ. ಮಗನಿಗೆ ಮುಜುಗರ ಆದರೆ ಅಕ್ಕ ತಂಗಿಗೋ ಹೆಂಡತಿಗೋ ಹೇಳಿ ಕೇಳಿಸಿ. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಇದೆ, ಜಿಲ್ಲಾ ಆಸ್ಪತ್ರೆಗಳಿವೆ. ಹಳ್ಳಿಯಾದರೆ ಆಶಾ ಕಾರ್ಯಕರ್ತೆ ಯಾರು ಅಂತ ಅಮ್ಮನಿಗೇ ಗೊತ್ತಿರುತ್ತೆ. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ಹೇಳಬೇಕು ಅಂತ ಈಗಲೇ ಹೇಳಿಡಿ.

ನಾಲ್ಕು, ನಿಮ್ಮ ಮನೆಗೆ ಕೆಲಸಕ್ಕೆ ಬರೋರು. ದುಡ್ಡು ಕೊಟ್ಟು ‘ತೋರಿಸಿ’ ಅಂದರೆ ಸಾಲದು, ನಾನು ಮಾಡಿದ ತಪ್ಪು ಅದು. ಅರ್ಧ ದಿನ ರಜೆ ಕೊಡಿ, ಸಂಬಳ ಹಿಡಿಯಬೇಡಿ, ಆದರೆ ಜೊತೆಗೆ ಹೋಗಿ. ಕಾಯಿಲೆ ಅಂತ ಗೊತ್ತಾದರೆ ಕೆಲಸ ಹೋಗಲ್ಲ ಅನ್ನೋ ಭರವಸೆ ಮೊದಲೇ ಕೊಡಿ, ಕೊಟ್ಟರೆ ಉಳಿಸಿಕೊಳ್ಳಿ.

ನಮ್ಮ ದೀದಿ ಈಗ ಮಾಲ್ದಾದಲ್ಲಿ ಮಗಳ ಮನೆಯಲ್ಲಿದ್ದಾರೆ. ಆರು ತಿಂಗಳಿಗೊಮ್ಮೆ ತೋರಿಸಿಕೊಳ್ಳೋಕೆ ರೈಲಿನಲ್ಲಿ ಬರ್ತಾರೆ, ಬಂದಾಗ ನಮ್ಮ ಮನೆಯಲ್ಲೇ ಉಳೀತಾರೆ. ಕಳೆದ ಸಲ ಬಂದಾಗ ಕಾಯಿಲೆ ಮರುಕಳಿಸಿಲ್ಲ ಅಂದ್ರು ಡಾಕ್ಟರ್. ಅಲ್ಲಿ ತಮ್ಮ ಊರಿನ ಹೆಂಗಸರನ್ನೂ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗೋಕೆ ಶುರು ಮಾಡಿದ್ದಾರಂತೆ, ಎಷ್ಟು ಜನ ಅಂತ ಲೆಕ್ಕ ಇಟ್ಟಿಲ್ಲವಂತೆ.

ಅಂದ ಹಾಗೆ, ಈ ಮಾತು ರೆಕಾರ್ಡ್ ಮಾಡೋ ಹಿಂದಿನ ದಿನ ಅಮ್ಮನಿಗೆ ಫೋನ್ ಮಾಡಿದ್ದೆ. ಈ ವಿಷಯ ಅಮ್ಮನ ಹತ್ತಿರ ಎತ್ತೋಕೆ ನನಗೇ ಮೂರು ವರ್ಷ ಬೇಕಾಯ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಿಮ್ಮ ದೊಡ್ಡಮ್ಮಂಗೂ ಹಿಂಗೇ ಯಾರಾದ್ರೂ ಹೇಳಿದ್ರೆ ಆಗ್ತಿತ್ತು ಕಣೆ’ ಅಂದ್ರು. ಮುಂದಿನ ತಿಂಗಳು ಊರಿಗೆ ಹೋಗ್ತಿದ್ದೀನಿ, ಇಬ್ಬರೂ ಒಟ್ಟಿಗೆ ತುಮಕೂರಿಗೆ ಹೋಗಿ ಮಾಡಿಸಿಕೊಂಡು ಬರ್ತೀವಿ.

ವಿಡಿಯೋಗೆ ಲೈಕ್ ಆಮೇಲೆ ಒತ್ತಿ. ಮೊದಲು ಒಂದು ಫೋನ್ ಮಾಡಿ.